ಅತ್ತಿಗೆಯ ಕೋವಿಗೆ ಪಹಣಿ ಸಾಲಲಿಲ್ಲ

ಕಳೆದ ವರ್ಷ ನಾನು ಸ್ವಂತ ಅತ್ತಿಗೆಯನ್ನು ಜೈಲಿಗೆ ಕಳಿಸಲು ಹೊರಟಿದ್ದೆ. ದ್ವೇಷದಿಂದಲ್ಲ, ಮೊಬೈಲಿನಿಂದ.

ಅಣ್ಣ ತೀರಿಕೊಂಡ ಮೇಲೆ ಚಿನಕುರಳಿಯ ಜಮೀನು, ಎರಡು ಹಸು, ಎಲ್ಲವನ್ನೂ ಜಯಮ್ಮ ಅತ್ತಿಗೆಯೇ ನೋಡಿಕೊಳ್ಳುತ್ತಾರೆ. ಕಬ್ಬಿಗೆ ಹಂದಿ ನುಗ್ಗುತ್ತವೆ ಅಂತ ಅಣ್ಣ ಲೈಸೆನ್ಸ್ ಮಾಡಿಸಿ ಒಂದು ಕೋವಿ ಇಟ್ಟುಕೊಂಡಿದ್ದ. ಅದು ಬೀರುವಿನಲ್ಲೇ ಉಳಿದಿತ್ತು. ಇಟ್ಟುಕೊಳ್ಳಬಹುದೋ, ಕೊಡಬೇಕೋ? ಅತ್ತಿಗೆಗೆ ಅದೇ ಚಿಂತೆ.

ಊರಿನ ಉತ್ತರ ರೆಡಿ ಇತ್ತು. ನಮ್ಮ ದೊಡ್ಡಪ್ಪನ ಮಗ ಪುಟ್ಟಸ್ವಾಮಣ್ಣ (ತಾಲ್ಲೂಕು ಆಫೀಸಿನ ಎದುರು ಟೀ ಕುಡಿದೇ ಕಾನೂನು ಕಲಿತವನು) ಜಗಲಿ ಮೇಲೆ ಕೂತು ತೀರ್ಪು ಕೊಟ್ಟ.

"ಪೌತಿ ಖಾತೆ ನಿನ್ನೆಸ್ರಿಗೆ ಆಯ್ತಲ್ಲವ್ವ. ಜಮೀನ್ ಜೊತೇಲಿ ಕೋವೀನೂ ಬಂದಂಗೇಯ. ಟೇಸನ್‌ಗೆ ಕೊಟ್ಬುಟ್ರೆ ಮನೆ ಮರ್ವಾದೆ ಏನಾಯ್ತದೆ?"

ಸತ್ತವರ ಹೊಲ ಮನೆಯವರ ಹೆಸರಿಗೆ ಬರುವ ಹಾಗೆ ಸತ್ತವರ ಲೈಸೆನ್ಸೂ ಬರುತ್ತದಂತೆ. ನಮ್ಮ ಒಕ್ಕಲು ಮನೆಗಳಲ್ಲಿ ಇದನ್ನು ನಂಬದವರು ಯಾರು? ನಾನೂ ನಂಬಿದೆ. ಸಾಲದ್ದಕ್ಕೆ "ಕೋವಿ ಲೈಸೆನ್ಸಿಗೆ ರೈತರಿಗೆ ಬಂದೂಕು ತರಬೇತಿ ಬೇಡ, ಪಹಣಿ ಸಾಕು" ಎಂಬ ವಾಟ್ಸಾಪ್ ಮೆಸೇಜನ್ನೂ ಅತ್ತಿಗೆಗೆ ಫಾರ್ವರ್ಡ್ ಮಾಡಿದೆ. (ಪ್ರತಿ ವಾರ ಈ ಅಂಕಣದಲ್ಲಿ ನಿಮಗೆ ಬುದ್ಧಿ ಹೇಳುವವನು ನಾನೇ.)

ಏಳನೇ ಕ್ಲಾಸ್ ಓದಿದ ಅತ್ತಿಗೆ ನಂಬಲಿಲ್ಲ. ಅಣ್ಣನ ಲೈಸೆನ್ಸ್ ಹಿಡಿದು ನೇರ ಸ್ಟೇಷನ್ನಿಗೆ ಹೋಗಿ ಕೇಳಿದರು. ಅಲ್ಲಿ ಸಿಕ್ಕ ಉತ್ತರ ಇಷ್ಟು: ಲೈಸೆನ್ಸ್ ಅಣ್ಣನದು, ಅವನ ಜೊತೆಗೇ ಮುಗಿಯಿತು. ಕೋವಿಯನ್ನು ಠೇವಣಿ ಇಡಬೇಕು. ಬೇಕಿದ್ದರೆ ತರಬೇತಿ ಮುಗಿಸಿ, ಸರ್ಟಿಫಿಕೇಟ್ ಲಗತ್ತಿಸಿ, ತಮ್ಮ ಹೆಸರಲ್ಲಿ ಹೊಸದಾಗಿ ಅರ್ಜಿ ಹಾಕಬೇಕು. ಸುಮ್ಮನೆ ಇಟ್ಟುಕೊಂಡರೆ ಕೇಸು. ಅವತ್ತೇ ಕೋವಿ ಒಪ್ಪಿಸಿ ರಸೀದಿ ಪಡೆದರು.

ಆಮೇಲೆ ಪೊಲೀಸರ ನಾಗರಿಕ ಬಂದೂಕು ತರಬೇತಿಗೆ ಹೆಸರು ಕೊಟ್ಟರು. ಬೆಳಗ್ಗೆ ಹಾಲು ಕರೆದು, ಡೇರಿಗೆ ಹಾಕಿ, ಮಂಡ್ಯಕ್ಕೆ ಮೊದಲ ಬಸ್ಸು. ಸೀರೆಯ ಮೇಲೆ ಅಣ್ಣನ ತುಂಬುತೋಳಿನ ಅಂಗಿ. ಸಾಲಿನಲ್ಲಿ ಉಳಿದವರೆಲ್ಲ ಗಂಡಸರು.

ಕೊನೆಯ ದಿನ ನಾನೂ ನೋಡಲು ಹೋಗಿದ್ದೆ. ತರಬೇತಿ ಕೊಡುವ ಸಾಹೇಬರು "ಖಾಲಿ ಇದೆ, ತಗೊಳ್ಳಿ" ಅಂತ ಒಬ್ಬೊಬ್ಬರಿಗೇ ಕೋವಿ ಕೊಟ್ಟರು. ಮುಂದಿದ್ದ ನಾಲ್ವರೂ ತಗೊಂಡವರೇ ಹೆಗಲಿಗೆ ಆನಿಸಿದರು. ಅತ್ತಿಗೆ ಮಾತ್ರ ನಳಿಗೆಯನ್ನು ನೆಲಕ್ಕೆ ತಿರುಗಿಸಿ, ಟ್ರಿಗರಿನಿಂದ ಬೆರಳು ದೂರ ಇಟ್ಟು, ತೆರೆದು ಒಳಗೆ ನೋಡಿದರು.

"ಖಾಲಿ ಅಂತ ನಾನೇ ಹೇಳಿದ್ನಲ್ಲಮ್ಮ?"

"ನೀವೇಳಿದ್ದು ಸರಿ ಸಾ. ಆದ್ರೆ ಈಗ ಕೋವಿ ಇರಾದು ನನ್ ಕೈಲಿ ಅಲ್ವ?"

ಸಾಹೇಬರು ಉಳಿದವರ ಕಡೆ ತಿರುಗಿ, "ಇದನ್ನ ಕಲಿಸೋಕೇ ನಾನು ಇಷ್ಟು ದಿನ ಗಂಟಲು ಹರ್ಕೊಂಡಿದ್ದು" ಅಂದರು. ನನಗೆ ಎದೆಯುಬ್ಬಿ ಬಂತು. ಪಕ್ಕದಲ್ಲಿ ನಿಂತಿದ್ದ ಅಪರಿಚಿತರಿಗೆಲ್ಲ "ನಮ್ಮತ್ತಿಗೆ" ಅಂತ ಹೇಳಿದೆ, ಅವರು ಕೇಳದಿದ್ದರೂ.

ಸರ್ಟಿಫಿಕೇಟ್ ಬಂತು. ಅರ್ಜಿ ಹೋಯಿತು. ಲೈಸೆನ್ಸ್ ಇನ್ನೂ ಬಂದಿಲ್ಲ. (ತರಬೇತಿ ಆದರೆ ಲೈಸೆನ್ಸ್ ಸಿಕ್ಕಂತೆಯೇ ಎಂಬುದೂ ಸುಳ್ಳು. ಕೊಡುವುದು ಬಿಡುವುದು ಡಿ.ಸಿ. ಆಫೀಸಿಗೆ ಬಿಟ್ಟಿದ್ದು.) ಪುಟ್ಟಸ್ವಾಮಣ್ಣ ಬಿಡುತ್ತಾನೆಯೇ? "ಇಷ್ಟೆಲ್ಲ ಮಾಡಿ ಬರಿಗೈಲಿ ಕುಂತ್ಯಲ್ಲವ್ವ" ಅಂದ.

ಅತ್ತಿಗೆ ಹಸುವಿಗೆ ಮೇವು ಹಾಕುತ್ತಲೇ ಹೇಳಿದರು. "ಕೊಟ್ರೆ ಇಸ್ಕತೀನಿ ಬಾವ. ಕೊಡ್ನಿಲ್ಲ ಅಂದ್ರೆ ಡಬ್ಬ ಬಡ್ದು ಅಂದಿ ಓಡುಸ್ತೀನಿ. ಕದ್ದು ಮಾತ್ರ ಮಡಿಕ್ಕಳಾಕಿಲ್ಲ."

ಕೋವಿ ಇಲ್ಲದೆಯೂ ಬದುಕುತ್ತೇನೆ ಅನ್ನುವವರ ಕೈಗಲ್ಲದೆ, ಕೋವಿಯನ್ನು ಇನ್ಯಾರ ಕೈಗೆ ಕೊಡಬೇಕು?