ಕಿನ್ನಿಯ ಬಟ್ಟಲಿಗೆ ಬಂದ ಮೊಟ್ಟೆ

ನಮ್ಮ ಮನೆಗೆ ನಾಯಿಮರಿ ಬಂದದ್ದು ನನ್ನ ಗಂಡನ ದಾಕ್ಷಿಣ್ಯದಿಂದ. ಅವರು ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರು. ದಿನಾ ಕಾಫಿಗೆ ಬರುವ ಹಳೆಯ ಗಿರಾಕಿಯೊಬ್ಬರ ಮನೆಯ ಪೊಮೆರೇನಿಯನ್ ನಾಯಿ ಮರಿ ಹಾಕಿತ್ತು. ಉಳಿದ ಮರಿಗಳಿಗೆಲ್ಲ ಮನೆ ಸಿಕ್ಕಿ, ಎಲ್ಲಕ್ಕಿಂತ ಸಣ್ಣದೊಂದು ಹಾಗೇ ಉಳಿದಿತ್ತು. ಬೇಡ ಎನ್ನಲು ಬಾಯಿ ಬಾರದೆ ಇವರು ಅದನ್ನು ಬಟ್ಟೆಚೀಲದಲ್ಲಿ ಎದೆಗೆ ಒತ್ತಿಕೊಂಡು ಲೋಕಲ್ ರೈಲಿನಲ್ಲಿ ಬೊರಿವಲಿಯ ಮನೆಗೆ ತಂದರು.

ನನಗಿದ್ದ ಭಯ ಅತ್ತೆಯದು. ಅವರಿಗೆ ಎಪ್ಪತ್ತು ದಾಟಿದೆ. ಮಡಿ, ಏಕಾದಶಿ, ಪೂಜೆ ಯಾವುದನ್ನೂ ಬಿಟ್ಟವರಲ್ಲ. ಮಾಟುಂಗದ ಸಾಲುಮನೆಗಳ ಚಾಳಿನಲ್ಲಿ ಅರ್ಧ ಆಯುಷ್ಯ ಕಳೆದು, ಅದನ್ನು ಕೆಡವಿದ ಮೇಲೆ ನಮ್ಮ ಜೊತೆ ಈ ಹನ್ನೊಂದನೆಯ ಮಾಳಿಗೆಗೆ ಬಂದಿದ್ದರು. ಅಲ್ಲಿ ಬಾಗಿಲು ತೆರೆದರೆ ಮಾತು. ಇಲ್ಲಿ ಬಾಗಿಲು ತೆರೆದರೆ ಲಿಫ್ಟು. ನಾನು ದಾದರಿನ ಆಫೀಸಿಗೆ ಹೊರಟ ಮೇಲೆ ಸಂಜೆಯವರೆಗೆ ಅವರೊಬ್ಬರೇ. ಮರಿಯನ್ನು ನೋಡಿ ಅವರು ದೇವರ ಕೋಣೆಯ ಬಾಗಿಲಿಗೆ ಒಂದು ಹಲಗೆ ಅಡ್ಡ ಇಟ್ಟರು, ಅಷ್ಟೆ. ನಾವು ಇಟ್ಟ ಹೆಸರಿನಿಂದ ಅವರು ಅದನ್ನು ಒಂದು ದಿನವೂ ಕರೆಯಲಿಲ್ಲ. ತುಳುವಿನಲ್ಲಿ ಮರಿಗೆ ಹೇಳುವ ಹಾಗೆ ಕಿನ್ನಿ, ಕಿನ್ನಿ ಎಂದೇ ಕರೆದರು. ಅದೂ ಆ ಹೆಸರಿಗೇ ಓಗೊಟ್ಟಿತು.

ಅದರ ಊಟ ಏನು ಎಂದು ನಾವ್ಯಾರೂ ಸರಿಯಾಗಿ ಯೋಚಿಸಿರಲಿಲ್ಲ. ಮೊಟ್ಟೆ, ಮಾಂಸ ನಮ್ಮ ಹೊಸ್ತಿಲು ದಾಟಿದ್ದಿಲ್ಲ. ಇವರು ಹೋಟೆಲಿನಿಂದ ತರುವ ಮೆತ್ತಗಿನ ಇಡ್ಲಿ, ಹಾಲನ್ನ, ಮೊಸರನ್ನ. ಸಣ್ಣ ಮಕ್ಕಳಿಗೆ ಆಗುವುದು ಇದಕ್ಕೂ ಆಗುತ್ತದೆ ಎಂದು ಅತ್ತೆ ಹೇಳಿದರು, ನಾವೂ ಒಪ್ಪಿದೆವು. ಹೊಟ್ಟೆ ಆಗಾಗ ಸಡಿಲವಾಗುತ್ತಿತ್ತು. ಹೊಸ ಜಾಗ, ಹೊಸ ನೀರು ಎಂದುಕೊಂಡೆವು.

ಒಂದು ಬೆಳಿಗ್ಗೆ ನಾನು ಲೋಕಲ್‌ನ ಲೇಡೀಸ್ ಡಬ್ಬಿಯಲ್ಲಿ ನಿಂತಿದ್ದೆ. ಅತ್ತೆಯ ಫೋನು ಬಂತು. ಅವರು ಹಾಗೆ ಫೋನು ಮಾಡುವವರಲ್ಲ.

"ಕಿನ್ನಿ ಏಳುದಿಲ್ಲ. ನಿನ್ನೆ ರಾತ್ರಿಯದ್ದೂ ತಿನ್ಲಿಲ್ಲ, ಈಗಳೂ ಇಲ್ಲ. ಕಾಲು ನಡುಗ್ತದೆ. ಕಣ್ಣು ಎಲ್ಲಿಯೋ ಉಂಟು."

ಹಿಂದಿನ ವಾರ ಮರಿಗೆ ಲಸಿಕೆ ಹಾಕಿದ್ದ ಡಾಕ್ಟರಮ್ಮನ ನಂಬರು ನನ್ನಲ್ಲಿತ್ತು. ಅವರು ಪೂರ್ತಿ ಕೇಳುವ ಮೊದಲೇ ಹೇಳಿದರು: ಸಣ್ಣ ತಳಿಯ ಮರಿ ಹೊಟ್ಟೆ ಖಾಲಿ ಬಿಟ್ಟರೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ. ಬೆರಳಿಗೆ ಜೇನು ಹಚ್ಚಿ ವಸಡಿಗೆ ತಿಕ್ಕಲಿ, ಬಾಯಿಗೆ ಏನನ್ನೂ ಸುರಿಯುವುದು ಬೇಡ, ಬೆಚ್ಚಗೆ ಸುತ್ತಿ ಕೂಡಲೇ ಕ್ಲಿನಿಕ್ಕಿಗೆ ತರಲಿ. ನಾನು ಅದನ್ನೇ ಅತ್ತೆಗೆ ಹೇಳಿದೆ. ಆದರೆ ತರುವವರು ಯಾರು? ಇವರು ಆಗಲೇ ಮಾಟುಂಗ ಸೇರಿದ್ದರು, ನನ್ನ ರೈಲು ಅಂಧೇರಿಯ ಹತ್ತಿರ ಇತ್ತು. ಅತ್ತೆ ಒಬ್ಬರೇ ರಿಕ್ಷಾ ಹತ್ತಿದ್ದನ್ನು ನಾನು ಕಂಡಿರಲಿಲ್ಲ. ಅಂಧೇರಿಯಲ್ಲಿ ಇಳಿದು, ಸೇತುವೆ ದಾಟಿ, ಎದುರಿನ ರೈಲು ಹಿಡಿದೆ. ಬೊರಿವಲಿಯವರೆಗೂ ಅವರು ಫೋನು ಎತ್ತಲಿಲ್ಲ.

ಹೇಗಾದರೂ ತಂದಿರಬಹುದೆಂದು ನೇರ ಕ್ಲಿನಿಕ್ಕಿಗೆ ಓಡಿ ಹೋದಾಗ ಅತ್ತೆ ಬೆಂಚಿನ ಮೇಲೆ ಕೂತಿದ್ದರು. ಮರಿ ಅವರ ಮಡಿಲಿನಲ್ಲಿತ್ತು, ಅವರು ಪೂಜೆಗೆ ಉಡುವ ಮಡಿಸೀರೆಯಲ್ಲಿ ಸುತ್ತಿಕೊಂಡು. ಪಕ್ಕದಲ್ಲಿ ನಮ್ಮ ಕೆಳಗಿನ ಮನೆಯ, ಮರಾಠಿ ಮಾತಾಡುವ ಮಾಲ್ವಣಿ ಹೆಂಗಸು. ಅತ್ತೆ ಅವರ ಮನೆಗೆ ಮೆಟ್ಟಿಲಿಳಿದು ಹೋಗಿ, ಮುಚ್ಚಿದ ಬಾಗಿಲನ್ನು ಬಡಿದು, ಮಾಟುಂಗದ ಮಾರ್ಕೆಟಿನಲ್ಲಿ ಕಲಿತ ಮರಾಠಿಯಲ್ಲಿ ಸಹಾಯ ಕೇಳಿದ್ದರಂತೆ. ಆಕೆ ಒಲೆ ಆರಿಸಿ ಹಾಗೇ ಚಪ್ಪಲಿ ಮೆಟ್ಟಿ ಬಂದಿದ್ದರು. ಅಷ್ಟು ದಿನ ಲಿಫ್ಟಿನಲ್ಲಿ ಎದುರಾದರೆ ನಗುವಷ್ಟೇ ನಮ್ಮ ಪರಿಚಯ.

ಮರಿ ಕಣ್ಣು ತೆರೆದು ನನ್ನನ್ನು ನೋಡಿತು. ಜೇನು ಕೆಲಸ ಮಾಡಿತ್ತು, ಉಳಿದದ್ದನ್ನು ಡಾಕ್ಟರಮ್ಮನ ಸೂಜಿ ಮಾಡಿತ್ತು.

ಆಮೇಲೆ ಡಾಕ್ಟರಮ್ಮ ನಮ್ಮನ್ನು ಕೂರಿಸಿ ಅದರ ಊಟದ ಬಗ್ಗೆ ಕೇಳಿದರು. ಬೈಯಲಿಲ್ಲ. ಇದರ ಹೊಟ್ಟೆ ನಿಂಬೆಹಣ್ಣಿನಷ್ಟು, ಬೆಳೆಯುವ ಆತುರ ಮಾತ್ರ ದೊಡ್ಡದು, ಆದ್ದರಿಂದ ಸ್ವಲ್ಪ ಸ್ವಲ್ಪವಾಗಿ ದಿನಕ್ಕೆ ಮೂರು ನಾಲ್ಕು ಸಲ ಕೊಡಬೇಕು ಎಂದರು. ಇಡ್ಲಿ ಹೊಟ್ಟೆ ತುಂಬಿಸುತ್ತದೆ, ಮೈ ಕಟ್ಟುವುದಿಲ್ಲ. ಹಾಲು ಬಹಳ ಮರಿಗಳಿಗೆ ಅರಗುವುದಿಲ್ಲ. ಸಣ್ಣ ತಳಿಯ ಮರಿಗಳಿಗೆಂದೇ ಮಾಡಿದ ಪೂರ್ಣ ಆಹಾರ ಸಿಗುತ್ತದೆ, ಅದರ ಕಾಳು ಸಣ್ಣ ಹಲ್ಲಿಗೆ ತಕ್ಕಂತೆ ಇರುತ್ತದೆ. ಅದರ ಮೇಲೆ ಚೂರು ಬೇಯಿಸಿದ ಮೊಟ್ಟೆ, ಚೂರು ಕುಂಬಳಕಾಯಿ ಕೊಡಬಹುದು. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟು, ದ್ರಾಕ್ಷಿ ಖಂಡಿತ ಬೇಡ, ಒಣದ್ರಾಕ್ಷಿಯೂ ಬೇಡ.

ಅತ್ತೆ ಒಂದೇ ಪ್ರಶ್ನೆ ಕೇಳಿದರು: ಮೊಟ್ಟೆ, ಮಾಂಸ ಇಲ್ಲದೆ ಆಗುವುದಿಲ್ಲವೇ? ಡಾಕ್ಟರಮ್ಮ, ದೊಡ್ಡ ನಾಯಿಯಾದರೆ ತುಂಬ ಜಾಗ್ರತೆಯಿಂದ ಏನಾದರೂ ಮಾಡಬಹುದು, ಬೆಳೆಯುವ ಈ ಮರಿಗೆ ನಾನು ಹಾಗೆ ಹೇಳಲಾರೆ ಎಂದರು.

ರಿಕ್ಷಾದಲ್ಲಿ ಕೆಳಗಿನ ಮನೆಯಾಕೆ, ತಮ್ಮಲ್ಲಿ ಹೇಗೂ ದಿನಾ ಮೊಟ್ಟೆ ಬೇಯುತ್ತದೆ, ಮರಿಯದನ್ನೂ ತಾವೇ ಬೇಯಿಸಿ ಕೊಡುತ್ತೇವೆ ಎಂದರು. ನಾನು ಇನ್ನೊಂದು ದಾರಿ ಯೋಚಿಸುತ್ತಿದ್ದೆ: ಮರಿಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡುವುದು. ಅತ್ತೆಯ ನೇಮವನ್ನು ಮುರಿಯಲು ನಮಗೆ ಯಾವ ಹಕ್ಕಿದೆ? ಸಂಜೆ ಗಂಡ ಬಂದ ಮೇಲೆ ಅದನ್ನೇ ಮೆಲ್ಲಗೆ ಹೇಳಿದೆ. ಅತ್ತೆ ಬತ್ತಿ ಹೊಸೆಯುತ್ತಾ ಕೂತಿದ್ದವರು ಕೈ ನಿಲ್ಲಿಸಿದರು.

"ನನ್ನ ನೇಮ ನನ್ನ ಹೊಟ್ಟೆಗೆ," ಅಂದರು. "ಅದರ ಹೊಟ್ಟೆಗೆ ಅಲ್ಲ. ದೇವರು ಅದಕ್ಕೆ ಬೇರೆ ಹಲ್ಲು ಕೊಟ್ಟಿದ್ದಾನಲ್ಲ, ಸುಮ್ಮನೆ ಕೊಟ್ಟದ್ದಾ?"

ಆಮೇಲೆ ಆ ವಿಷಯ ಮನೆಯಲ್ಲಿ ಏಳಲಿಲ್ಲ.

ಆಹಾರ ಆರಿಸುವುದು ನನ್ನ ಪಾಲಿಗೆ ಬಂತು. ಅಂಗಡಿಯಲ್ಲಿ ನಿಂತರೆ ಗೋಡೆ ತುಂಬ ಚೀಲಗಳು, ಎಲ್ಲದರ ಮೇಲೂ ನಗುವ ನಾಯಿ. ಆಫೀಸಿನಲ್ಲಿ ಒಬ್ಬರು ಧಾನ್ಯವೇ ಇಲ್ಲದ್ದು ಒಳ್ಳೆಯದು ಎಂದರು, ಇನ್ನೊಬ್ಬರು ಮನೆಯ ಅಡುಗೆಯೇ ಅಮೃತ ಎಂದರು, ನೆಂಟರ ವಾಟ್ಸಾಪಿನಲ್ಲಿ ಹಸಿ ಮಾಂಸದ ವೀಡಿಯೊ ಬಂತು. ನನ್ನ ತಲೆ ತಿರುಗಿತು. ಕೊನೆಗೆ ಮುಂದಿನ ಚಿತ್ರ ನೋಡುವುದು ಬಿಟ್ಟು ಚೀಲ ತಿರುಗಿಸಿ ಹಿಂಬದಿ ಓದಿದೆ. ಸಣ್ಣ ತಳಿಯ ಮರಿಗೆ ಎಂದಿದೆಯೇ, ಪೂರ್ಣ ಆಹಾರ ಎಂದಿದೆಯೇ, ಪದಾರ್ಥಗಳಲ್ಲಿ ಮೊದಲು ಬರೆದದ್ದು ಏನು ಎಂದು ನೋಡಿದೆ. ಎರಡು ಚೀಲಗಳ ಫೋಟೊ ಡಾಕ್ಟರಮ್ಮನಿಗೆ ಕಳಿಸಿದೆ. ಅವರು ಒಂದನ್ನು ಆರಿಸಿ, ಒಮ್ಮೆಲೇ ಬದಲಿಸಬೇಡಿ, ಈಗ ಕೊಡುತ್ತಿರುವ ಅನ್ನದಲ್ಲೇ ಚಿಟಿಕೆ ಚಿಟಿಕೆ ಬೆರೆಸುತ್ತಾ ಒಂದು ವಾರದಲ್ಲಿ ಪೂರ್ತಿ ಮಾಡಿ ಎಂದು ಬರೆದರು.

ಮೊಟ್ಟೆ ಕೆಲವು ದಿನ ಕೆಳಗಿನ ಮನೆಯಿಂದ ಮುಚ್ಚಿದ ಬಟ್ಟಲಿನಲ್ಲಿ ಬಂತು. ಆಮೇಲೆ ಒಂದು ಭಾನುವಾರ ನಾನು ಬಟ್ಟೆ ಒಣಹಾಕಲು ಹೋದರೆ, ಬಾಲ್ಕನಿಯಲ್ಲಿ ಹಳೆಯ ಇಂಡಕ್ಷನ್ ಒಲೆ, ಒಂದು ಸಣ್ಣ ಪಾತ್ರೆ, ಎದುರಿಗೆ ಮಣೆಯ ಮೇಲೆ ಅತ್ತೆ, ಅವರ ಪಕ್ಕ ಕೆಳಗಿನ ಮನೆಯಾಕೆ. ದಿನಾ ಇನ್ನೊಬ್ಬರಿಗೆ ತೊಂದರೆ ಕೊಡುವುದೆಂತಕ್ಕೆ ಎಂದು, ಬೇಯಿಸುವುದನ್ನು ಕಲಿಯಲು ಅತ್ತೆಯೇ ಆಕೆಯನ್ನು ಕರೆಸಿಕೊಂಡಿದ್ದರು. ಬೆಂದ ಮೊಟ್ಟೆಯನ್ನು ಬೆರಳ ತುದಿಯಲ್ಲಿ ಹಿಡಿದು, ಅದರ ಚಿಪ್ಪು ಎಲ್ಲಿಂದ ಸುಲಿಯಬೇಕೆಂದು ತಿಳಿಯದೆ ತಿರುಗಿಸಿ ನೋಡುತ್ತಿದ್ದರು. ಆಕೆ ಅವರ ಕೈ ಹಿಡಿದು, ನೆಲಕ್ಕೆ ಮೆಲ್ಲಗೆ ತಟ್ಟಿಸಿ, ನೀರಿನಲ್ಲಿ ಅದ್ದಿಸಿ ತೋರಿಸಿದರು. ಚಿಪ್ಪು ಕಳಚಿದಾಗ ಅತ್ತೆ ನಕ್ಕುಬಿಟ್ಟರು. ಕಿನ್ನಿ ಇಬ್ಬರ ನಡುವೆ ನಿಂತು ಬಾಲವಷ್ಟೇ ಅಲ್ಲ, ಇಡೀ ಹಿಂಭಾಗವನ್ನೇ ಅಲ್ಲಾಡಿಸುತ್ತಿತ್ತು. ನಾನು ಒದ್ದೆ ಬಟ್ಟೆಯ ಬಕೆಟ್ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಅದಾದ ಮೇಲೆ ಅತ್ತೆ ಸ್ನಾನ ಮಾಡಿದರು, ದೇವರಿಗೆ ದೀಪ ಹಚ್ಚಿದರು. ಇವತ್ತಿಗೂ ಅವರ ಕ್ರಮ ಅದೇ: ಮೊದಲು ಕಿನ್ನಿ, ಆಮೇಲೆ ಸ್ನಾನ, ಆಮೇಲೆ ದೇವರು.

ಮರಿ ಚೇತರಿಸಿಕೊಂಡಿತು. ಹೊಟ್ಟೆ ಕೆಡುವುದು ನಿಂತಿತು, ಕೂದಲಿಗೆ ಹೊಳಪು ಬಂತು, ಸೋಫಾದ ಮೂಲೆ ಹರಿಯುವಷ್ಟು ಶಕ್ತಿಯೂ ಬಂತು. ಈಗ ಅದು ವಯಸ್ಕ ನಾಯಿ, ಊಟ ದಿನಕ್ಕೆ ಎರಡೇ ಹೊತ್ತು. ಸಂಜೆ ಅದನ್ನು ಕೆಳಗೆ ತಿರುಗಾಡಿಸುವುದು ಅತ್ತೆ ಮತ್ತು ಕೆಳಗಿನ ಮನೆಯಾಕೆ ಜೊತೆಯಾಗಿ. ಹಾಗೆ ತಿರುಗಾಡುತ್ತಲೇ ಅತ್ತೆಗೆ ಇಡೀ ಬಿಲ್ಡಿಂಗು ಪರಿಚಯವಾಯಿತು. ನಾನು ಆಫೀಸಿನಿಂದ ಬಂದಾಗ ಗೇಟಿನ ಹತ್ತಿರದ ಬೆಂಚಿನಿಂದ ಅವರ ಮರಾಠಿ ಕೇಳಿಸಿದರೆ ಆ ದಿನದ ನೂಕುನುಗ್ಗಲು ಮರೆತುಹೋಗುತ್ತದೆ. ಆ ಡಾಕ್ಟರಮ್ಮನಿಗೆ, ಒಲೆ ಆರಿಸಿ ಬಂದ ಆ ಹೆಂಗಸಿಗೆ ನಾನು ಏನು ಹೇಳಿದರೂ ಕಡಿಮೆಯೇ. ಅತ್ತೆಗಂತೂ ಹೇಳಲು ಹೋದರೆ, ಎಂತದ್ದು ಮಾರಾಯ್ತಿ ಎಂದು ಮಾತು ತಿರುಗಿಸುತ್ತಾರೆ.

ಅವರ ಕಣ್ಣು ಈಗ ನನ್ನ ಮೇಲೂ ಇದೆ. ಚಹಾ ಮಾತ್ರ ಕುಡಿದು ರೈಲಿಗೆ ಓಡುವುದು ನನ್ನ ಎಷ್ಟೋ ವರ್ಷಗಳ ಅಭ್ಯಾಸ. ಈಚೆಗೆ ಒಂದು ಬೆಳಿಗ್ಗೆ ಚಪ್ಪಲಿ ಹಾಕುತ್ತಿದ್ದೆ, ಅತ್ತೆ ಬಾಗಿಲಿಗೆ ಬಂದು ನಿಂತರು.

"ಕೂತ್ಕೋ. ಖಾಲಿ ಹೊಟ್ಟೆಯಲ್ಲಿ ಹೋದ್ರೆ ನೀನೂ ಬೀಳ್ತಿ."

ನಾನು ಚಪ್ಪಲಿ ಬಿಚ್ಚಿ ಒಳಗೆ ಹೋಗಿ ಕೂತೆ. ಅವರು ಬಿಸಿ ದೋಸೆ ತಂದು ಹಾಕಿದರು. ಆ ರೈಲು ತಪ್ಪಿತು, ಮುಂದಿನದಕ್ಕೆ ಹೋದೆ.