ಕರುವಿನ ಕಾಲಿಗೆ ಬಿಗಿದ ಪಟ್ಟಿ

ಟಕ್... ಟಕ್... ಕರುವಿನ ಮುಂಗಾಲಿಗೆ ಕಟ್ಟಿದ್ದ ಪೈಪಿನ ತುಂಡು ನಿಮ್ಮ ದನದ ಮನೆಯ ಹಾಸುಗಲ್ಲಿಗೆ ಬಡಿಯುವ ಸದ್ದು ಗೋಡೆಯಾಚೆ ನನಗೆ ಕೇಳುತ್ತಿತ್ತು. ಆಮೇಲೆ ನಿಂತುಹೋಯಿತು. ರೆಹಾನಾ, ಅದನ್ನು ನಿಲ್ಲಿಸಿದವಳು ನಾನು. ಆ ಪಟ್ಟಿ ಬಿಗಿದದ್ದು ನಿನ್ನ ಕೈಯಲ್ಲ — ನನ್ನದು.

ಗದಗ ಆಗಷ್ಟೇ ಜಿಲ್ಲೆಯಾಗಿತ್ತು. ಶಿಗ್ಲಿಯಲ್ಲಿ ನಮಗೂ ನಿಮಗೂ ನಡುವೆ ಒಂದೇ ಗೋಡೆ. ನಿಮ್ಮ ಆಕಳು ಈದಾಗ ಕರುವಿನ ಮುಂಗಾಲುಗಳು ಗೊರಸಿನ ಮೇಲಿನ ಗಂಟಿನಲ್ಲಿ ಮಡಚಿಕೊಂಡಿದ್ದವು. ನಿನ್ನ ಅತ್ತೆ ಖತೀಜಾಬಿ ಗಿಣ್ಣದ ಡಬ್ಬಿ ಕೊಡುತ್ತ ನಕ್ಕಿದ್ದರು: “ನಿಮ್ಮಂಥಾ ಕರು ಹುಟ್ಟೈತ್ರಿ ಮೇಡಮ್ಮಾರ, ಹೈಹೀಲ್ ಹಾಕ್ಕೊಂಡ್ಹಾಂಗ ನಿಂದರತೈತಿ!”

ಲಕ್ಷ್ಮೇಶ್ವರದಿಂದ ಬಂದ ದನದ ಡಾಕ್ಟರು ಕಾಲಿಗೆ ಹತ್ತಿ ಸುತ್ತಿ, ಸೀಳಿದ ಪೈಪನ್ನು ಆಸರೆಗಿಟ್ಟು ಪಟ್ಟಿ ಕಟ್ಟಿದರು. ಬೆರಳಾಡುವಷ್ಟು ಸಡಿಲವಿರಲಿ, ದಿನಾ ಬಿಚ್ಚಿ ನೋಡು ಎಂದು ನಿನಗೆ ಹೇಳಿದರು. ನೀನು ಹಾಗೆಯೇ ಮಾಡುತ್ತಿದ್ದೆ. ಕಾಲು ನೆಟ್ಟಗಾಗುತ್ತಿತ್ತು.

ಗಿಣ್ಣ ಬಂದ ಡಬ್ಬಿಯನ್ನು ನಮ್ಮ ಕಡೆ ಬರಿದೇ ತಿರುಗಿ ಕೊಡುವುದಿಲ್ಲ. ನಾನು ಬೆಲ್ಲ ಹಾಕಿಕೊಂಡು ನಿಮ್ಮಲ್ಲಿಗೆ ಬಂದೆ. ನೀನು ನೀರಿಗೆ ಹೋಗಿದ್ದೆ. ಕರುವಿನ ಪಟ್ಟಿ ಜೋಲುತ್ತಿತ್ತು — ಜೋಲುತ್ತಿದೆ ಎಂದು ನನಗನ್ನಿಸಿತು. ಹುಬ್ಬಳ್ಳಿಯ ಕಾನ್ವೆಂಟಿನಲ್ಲಿ ಫಸ್ಟ್ ಏಡ್ ಕಲಿಸಿದ ಸಿಸ್ಟರ್, ‘ನೀಟ್ ಅಂಡ್ ಫರ್ಮ್, ಗರ್ಲ್ಸ್’ ಎನ್ನುತ್ತಿದ್ದರು. ಬ್ಯಾಂಡೇಜಿಗೆ ನನಗೆ ಪ್ರೈಜ್ ಬಂದಿತ್ತು. ನಿನ್ನ ಗಂಟು ನೋಡಿ — ಪೂರ್ ಗರ್ಲ್, ಇವಳಿಗೇನು ಗೊತ್ತು... ಬಿಚ್ಚಿ, ಎಳೆದು, ಬಿಗಿದು ಕಟ್ಟಿದೆ. ಯಾರಿಗೂ ಹೇಳಲಿಲ್ಲ.

ಅಂದೇ ನಿನಗೆ ಜ್ವರ ಬಂತು. ನೀನು ಏಳುವವರೆಗೆ ಯಾರೂ ಪಟ್ಟಿ ಮುಟ್ಟಲಿಲ್ಲ. ಎದ್ದು ಬಿಚ್ಚಿದಾಗ ಗೊರಸು ತಣ್ಣಗಾಗಿತ್ತು, ವಾಸನೆ ಹೊಡೆಯುತ್ತಿತ್ತು.

ಮತ್ತೆ ಬಂದ ಡಾಕ್ಟರು ಸಿಟ್ಟಾದರು: “ಇಷ್ಟ ಬಿಗದ ಕಟ್ಟಿದಾವರು ಯಾರು? ಕಾಲಿಗೆ ರಕ್ತಾನ ಹರದಿಲ್ಲ.”

“ಹೊಟ್ಟ್ಯಾಗಿನ ಕೂಸ ಉಳಿಸ್ಕೊಳ್ಳಲಿಲ್ಲ, ಇದನ್ನೂ ತಿಂದ್ಯೇನಲೇ!” ಎಂದರು ನಿನ್ನ ಅತ್ತೆ.

ನೀನು ಬಾಗಿಲಲ್ಲಿ ನಿಂತಿದ್ದ ನನ್ನತ್ತ ತಿರುಗಿದೆ. “ಆಂಟಿ, ನೀವ ಡಬ್ಬಿ ಕೊಡಾಕ ಬಂದಿದ್ರಿ. ಪಟ್ಟಿ ಸಡ್ಲ ಇತ್ತಲ್ರಿ? ಹೇಳ್ರಿ.”

ನಾನು ಡಾಕ್ಟರತ್ತ ತಿರುಗಿದೆ. ಪಟ್ಟಿಯನ್ನು ನೋಡಲೂ ಇಲ್ಲವೆಂದು ಹೇಳಿದೆ: “ಐ ಡಿಡಂಟ್ ಈವನ್ ಲುಕ್ ಅಟ್ ಇಟ್.”

ಅವರು ಗೌರವದಿಂದ ತಲೆಯಾಡಿಸಿದರು. ಇಂಗ್ಲಿಷಿನಲ್ಲಿ ಹೇಳಿದರೆ ನಂಬುತ್ತಾರೆ, ನಿನಗೆ ತಿರುಗಿ ಕೇಳಲಾಗುವುದಿಲ್ಲ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

ಕರು ಸತ್ತಿತು. ನಿನ್ನನ್ನು ಮುಂಡರಗಿಯ ತವರಿಗೆ ಕಳಿಸಿದರು. ಕರೆತರಲು ಯಾರೂ ಹೋಗಲಿಲ್ಲ. ನಿನ್ನ ಗಂಡನ ಎರಡನೆಯ ನಿಕಾಹದ ಊಟಕ್ಕೆ... ನಾನೂ ಹೋದೆ.

ನಿನ್ನನ್ನು ಕೊನೆಯ ಸಲ ನೋಡಿದ್ದು ಮುಂಡರಗಿ ಬಸ್‌ಸ್ಟ್ಯಾಂಡಿನಲ್ಲಿ. ನೀನೇ ಗುರುತು ಹಿಡಿದು, ನಾನು ಕೂತಿದ್ದ ಬಸ್ಸಿನ ಕಿಟಕಿಗೆ ಬಂದೆ.

“ಆಂಟಿ, ಆಕಳ ಮತ್ತ ಈದೈತೇನ್ರಿ?”

“ಈದೈತಿ. ಹೆಣ್ಣಗರು.”

“ಕಾಲ ನೆಟ್ಟಗ ಅದಾವಲ್ರಿ?”

ಹೂಂ ಎಂದೆ. ಅಷ್ಟರಲ್ಲಿ ಬಸ್ಸು ಹೊರಟಿತು, ನಿಜ ಹೇಳಲು ಹೊತ್ತು ಸಿಗಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ. ಇಲ್ಲ, ರೆಹಾನಾ — ಡ್ರೈವರ್ ಚಹಾ ಕುಡಿಯಲು ಹೋಗಿದ್ದ. ನೀನು ಕಿಟಕಿಯ ಸರಳು ಹಿಡಿದು ಬಹಳ ಹೊತ್ತು ನಿಂತೇ ಇದ್ದೆ.