ಪೆಟ್ಟಿಗೆ ಬಿಸಾಡಬೇಡಿ

ನಮ್ಮ ಭಾವ, ಎಂದರೆ ಅಕ್ಕನ ಗಂಡ, ಕೋವಿ ಮಾರುವವರು, ರಿಪೇರಿಯನ್ನೂ ಮಾಡುತ್ತಾರೆ. ಮೂವತ್ತು ವರ್ಷದಿಂದ ಅದೇ ಅಂಗಡಿ, ಅದೇ ಎಣ್ಣೆ ವಾಸನೆ. ನಾನು ಅಲ್ಲಿ ರಿಜಿಸ್ಟರ್ ಬರೆಯುತ್ತೇನೆ. ಪೇಟೆಯವರು ಅವರಿಗಿಟ್ಟ ಹೆಸರು 'ಪೆಟ್ಟಿಗೆ ಸಾಹೇಬರು'. ಕೋವಿ ಕೊಂಡವರಿಗೆಲ್ಲ ಅವರದು ಒಂದೇ ಉಪದೇಶ: "ಪೆಟ್ಟಿಗೆ ಬಿಸಾಡಬೇಡಿ."

ಮಾತಿನಲ್ಲಿ ಹುರುಳಿತ್ತು. ಕೋವಿಯ ಮೇಲಿನ ನಂಬರೇ ಅದು ಕಂಪನಿಯಿಂದ ಬಂದ ಪೆಟ್ಟಿಗೆಯ ಚೀಟಿಯ ಮೇಲೂ ಇರುತ್ತದೆ. ಮುಂದೆ ಮಾರುವಾಗ ಪೆಟ್ಟಿಗೆ ಸಮೇತ ಕೊಟ್ಟರೆ ಕೊಳ್ಳುವವನಿಗೆ ನಂಬಿಕೆ. ಕಂಪನಿಗೆ ರಿಪೇರಿಗೆ ಕಳಿಸಲು ಅದರಷ್ಟು ಸರಿಯಾದದ್ದು ಬೇರೆ ಸಿಗದು. ಮೇಲಾಗಿ ಕಸದ ತೊಟ್ಟಿಯಲ್ಲಿ ಆ ಪೆಟ್ಟಿಗೆ ಬಿದ್ದಿದ್ದರೆ ಯಾರ ಮನೆಯಲ್ಲಿ ಕೋವಿ ಇದೆಯೆಂದು ಬೀದಿಗೇ ಡಂಗುರ ಸಾರಿದಂತೆ. ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಪೆಟ್ಟಿಗೆಗಳನ್ನು ಭಾವ ಹೆಸರು ಬರೆದು ಮನೆಯ ಅಟ್ಟಕ್ಕೇರಿಸುತ್ತಿದ್ದರು. ರಗ್ಗು ಇಡಲೂ ಜಾಗವಿಲ್ಲದ ಅಕ್ಕ "ಮೂಗಿಗಿಂತ ಮೂಗುತಿ ಭಾರ" ಎಂದು ಗೊಣಗುತ್ತಿದ್ದಳು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಪೆಟ್ಟಿಗೆಯನ್ನು ಇಟ್ಟುಕೊಳ್ಳಿ ಎನ್ನುತ್ತಿದ್ದವರು ಬರಬರುತ್ತಾ ಕೋವಿಯನ್ನೂ ಅದರೊಳಗೇ ಇಡಿ ಎನ್ನತೊಡಗಿದರು. "ಕಂಪನಿಯವರು ಅಳತೆ ತಗೊಂಡು ಸ್ಪಂಜು ಕತ್ತರಿಸಿದಾರೆ ಕಣ್ರೀ. ಅದಕ್ಕಿಂತ ಒಳ್ಳೆ ಹಾಸಿಗೆ ಎಲ್ಲಿ ಸಿಗುತ್ತೆ?" ಆ ಸ್ಪಂಜು ಗಾಳಿಯ ತೇವವನ್ನೆಲ್ಲ ಹೀರಿ ಹಿಡಿದುಕೊಳ್ಳುತ್ತದೆ. ಮುಚ್ಚಿದ ಪೆಟ್ಟಿಗೆಯೊಳಗೆ ನಳಿಗೆ ಸದ್ದಿಲ್ಲದೆ ತುಕ್ಕು ಹಿಡಿಯುತ್ತದೆ.

ಇದು ಗೊತ್ತಾದದ್ದು ಎರಡು ವರ್ಷದ ಹಿಂದೆ, ಒಂದೇ ವಾರದಲ್ಲಿ ಇಬ್ಬರು ತುಕ್ಕು ಹಿಡಿದ ಕೋವಿ ತಂದಾಗ. ಭಾವ ತುಟಿಪಿಟಕ್ಕೆನ್ನದೆ ಪುಕ್ಕಟೆ ಉಜ್ಜಿ ಕೊಟ್ಟರು. ಹೊಸ ಗಿರಾಕಿಗಳಿಗೆ ಹೇಳುವ ಮಾತನ್ನು ಬದಲಿಸಿದರು. ಹಳಬರಿಗೆ ತಿಳಿಸುವುದಿಲ್ಲವೇ ಎಂದು ನಾನು ಕೇಳಿದ್ದಕ್ಕೆ, "ಅವರೇ ಎಣ್ಣೆ ಹಚ್ಕೊಂಡಿರ್ತಾರೆ ಬಿಡೋ" ಎಂದರು. ಮೂವತ್ತು ವರ್ಷದ ಹೆಸರು ಕೆಡುತ್ತದೆಂಬ ಭಯ, ಅಷ್ಟೇ. ನಾನಾದರೂ ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ, ಅದಕ್ಕೆ ನನಗೀಗಲೂ ನಾಚಿಕೆಯಿದೆ.

ಕಳೆದ ತಿಂಗಳು ಬೆಳಿಗ್ಗೆ ಒಬ್ಬ ನಿವೃತ್ತ ಫಾರೆಸ್ಟ್ ಗಾರ್ಡು ಹೆಂಡತಿಯ ಜೊತೆ ಬಂದರು. ಹನ್ನೊಂದು ವರ್ಷದ ಹಿಂದೆ ನಮ್ಮಲ್ಲೇ ಕೋವಿ ಕೊಂಡವರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು ತೆರೆದರು. ಸ್ಪಂಜು ತಾಗಿದ ಕಡೆಯೆಲ್ಲ ನಳಿಗೆ ಕೆಂಪಾಗಿತ್ತು. ಅದರ ಮೇಲೆ ಅವರೇ ಉಪ್ಪುಕಾಗದದಲ್ಲಿ ಉಜ್ಜಿದ ಗೀರುಗಳು ಬೇರೆ.

"ನೀವು ಹೇಳಿದ ಹಾಗೇ ಪೆಟ್ಟಿಗೇಲೇ ಇಟ್ಟಿದ್ದೆ ಸಾರ್," ಎಂದರು ಗಾರ್ಡು. "ಎಲ್ಲಾ ಇವಳ ಘನಂದಾರಿ ಕೆಲಸ. ಅದೇ ಕೋಣೇಲಿ ಒದ್ದೆ ಬಟ್ಟೆ ಒಣಗಾಕ್ತಿದ್ದಳು. ಬೇಡ ಬೇಡ ಅಂತ ಬಡ್ಕೊಂಡೆ. ನೀವೇ ಹೇಳಿ ಸಾರ್ ಇವಳಿಗೆ, ನನ್ನ ಮಾತಂತೂ ಕಿವಿಗೇ ಹಾಕ್ಕೊಳ್ಳಲ್ಲ."

ಆಕೆ ನೆಲ ನೋಡುತ್ತಾ ನಿಂತಿದ್ದರು. ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಭಾವ ಒಮ್ಮೆ ತಲೆಯಾಡಿಸಿದ್ದರೆ ಸಾಕಿತ್ತು, ಅವರ ಹೆಸರೂ ಉಳಿಯುತ್ತಿತ್ತು, ಅಲ್ಲಿಗೆ ಮಾತೂ ಮುಗಿಯುತ್ತಿತ್ತು. ಅವರು ಬಟ್ಟೆಯಲ್ಲಿ ಕೈ ಒರೆಸಿಕೊಂಡರು, ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಇವರದೇನೂ ತಪ್ಪಿಲ್ಲ," ಎಂದರು. "ಕೋವೀನ ಈ ಪೆಟ್ಟಿಗೇಲಿ ಇಡಲೇಬಾರದು. ಇಡಿ ಅಂತ ಹೇಳಿದೋನು ನಾನು. ತಪ್ಪು ನಂದು."

ಗಾರ್ಡು ಪೆಟ್ಟಿಗೆಯ ಮುಚ್ಚಳ ಹಾಕಿದರು. ಆಮೇಲೆ, "ಹೋಗ್ಲಿ ಬಿಡಿ ಸಾರ್, ಗೊತ್ತಿಲ್ದೆ ಹೇಳಿದ್ದು," ಎಂದರು.

"ಹೇಳಿದಾಗ ಗೊತ್ತಿರಲಿಲ್ಲ. ಎರಡು ವರ್ಷದಿಂದ ಗೊತ್ತಿತ್ತು."

ಆಗ ಆಕೆ ಮೊದಲ ಸಲ ತಲೆಯೆತ್ತಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಯಿತು. "ಹೋದ ವರ್ಷ ತುಕ್ಕು ಕಂಡ ದಿನಾನೇ ಇವರು ಆ ಕೋಣೆಗೆ ಬೀಗ ಹಾಕಿದರು. ಬೀಗದ ಕೈ ಇವರ ಜೇಬಲ್ಲೇ. ನನ್ನ ಹೊಲಿಗೆ ಮಿಷನ್ನೂ ಒಳಗೇ ಉಳೀತು. ನೀವು ಒಂದು ಫೋನ್ ಮಾಡಿದ್ರೆ ಆಗ್ತಿತ್ತಲ್ವಾ?"

ಗಾರ್ಡು ಜೇಬಿಗೆ ಕೈ ಹಾಕಿ ಬೀಗದ ಕೈ ತೆಗೆದು ಹೆಂಡತಿಯ ಕಡೆ ಚಾಚಿದರು. ಆಕೆ ಅದನ್ನು ನೋಡಿದರು, ತೆಗೆದುಕೊಳ್ಳಲಿಲ್ಲ. "ಬಾಗಿಲು ನೀವೇ ತೆಗೀರಿ," ಎಂದು ಹೊರಗೆ ನಡೆದರು.

ಅವರು ಹೋದ ಮೇಲೆ ಭಾವ ನನ್ನ ಕೈಲಿ ಹಳೆಯ ರಿಜಿಸ್ಟರುಗಳನ್ನು ಕೆಳಗಿಳಿಸಿಸಿದರು. ಊಟಕ್ಕೂ ಏಳದೆ ಒಂದೊಂದೇ ನಂಬರಿಗೆ ಫೋನ್ ಹಚ್ಚಿದರು. ಕೋವಿಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ ಎಂದು ಎಲ್ಲರಿಗೂ ಹೇಳಿದರು. ಆದರೆ ಅದಕ್ಕೂ ಮೊದಲು ಒಬ್ಬೊಬ್ಬರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: "ತುಕ್ಕು ಹಿಡೀತು ಅಂತ ಮನೇಲಿ ಯಾರನ್ನಾದರೂ ಬೈದಿದೀರಾ?"